ಬಾಲ ಅಲ್ಲಾಡಿದರೆ ಚಿಂಕಾರ

ವಿಜಯಪುರದವರಿಗೆ ಕಾಡು ಅಂದರೆ ದಾಂಡೇಲಿ. ರಜೆ ಸಿಕ್ಕಿತೆಂದರೆ ಗಾಡಿ ಮಾಡಿಕೊಂಡು ಹೊರಡುತ್ತಾರೆ, ಹಸಿರು ಕಂಡು ಹಿಗ್ಗಿ ಬರುತ್ತಾರೆ. ಬಬಲೇಶ್ವರದ ದಾರಿ ಹಿಡಿದು ಗಲಗಲಿಯಲ್ಲಿ ಕೃಷ್ಣೆ ದಾಟಿದರೆ ಆಚೆಯ ಗುಡ್ಡಗಳಲ್ಲೂ ಒಂದು ವನ್ಯಜೀವಿಧಾಮ ಇದೆ ಎಂದು ಹೇಳಿ ನೋಡಿ, ‘ಆ ಕಲ್ಲಾಗ ಏನೈತ್ರಿ?’ ಎನ್ನುವವರೇ ಹೆಚ್ಚು.

ಆ ಕಲ್ಲಿನಲ್ಲಿ ಇರುವುದು ಚಿಂಕಾರ. ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಹಬ್ಬಿರುವ ಯಡಹಳ್ಳಿಯ 96.36 ಚದರ ಕಿಲೋಮೀಟರ್ ಗುಡ್ಡಗಾಡನ್ನು ಸರ್ಕಾರ 2016ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಿತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಇದೂ ನಮ್ಮ ಅಖಂಡ ಜಿಲ್ಲೆಯದೇ ನೆಲ. ಹಾಗಾಗಿ ಇದನ್ನು ಪರ ಊರಿನ ಪ್ರವಾಸ ಎನ್ನಲು ನನಗೆ ಮನಸ್ಸಿಲ್ಲ.

ನಸುಕಿನಲ್ಲಿ ಊರು ಬಿಟ್ಟರೆ ಬೆಳಕು ಹರಿಯುವಷ್ಟರಲ್ಲಿ ಬಬಲೇಶ್ವರ. ಇಪ್ಪತ್ತು ವರ್ಷಗಳ ಹಿಂದೆ ಈ ರಸ್ತೆಯಲ್ಲಿ ಓಡಾಡಿದವರಿಗೆ ಈಗಿನ ನೋಟ ನಂಬುವುದೇ ಕಷ್ಟ. ಮುಳವಾಡ ಏತ ನೀರಾವರಿ, ತುಬಚಿ–ಬಬಲೇಶ್ವರ ಏತ ನೀರಾವರಿ ಎಂದು ಕಾಲುವೆ ಬಂದವು, ಕೆರೆ ತುಂಬಿದವು. ತಿಕೋಟಾ ಸೀಮೆಯಲ್ಲಂತೂ ಎತ್ತ ನೋಡಿದರೂ ದ್ರಾಕ್ಷಿ ಪಡ, ಒಣದ್ರಾಕ್ಷಿಯ ಶೆಡ್ಡು. ಮಳೆಗಾಗಿ ಮುಗಿಲು ನೋಡುತ್ತ ಕೂತ ಸೀಮೆಗೆ ನೀರು ಬಂದಿದ್ದು ಸಣ್ಣ ಮಾತಲ್ಲ. ಆದರೆ ತೋಟಕ್ಕೆ ತಂತಿ ಬೇಲಿ ಬಿತ್ತು. ಕುರಿ ಹಾಯುತ್ತಿದ್ದ, ನರಿ ತಿರುಗುತ್ತಿದ್ದ ಬೀಡು ಭೂಮಿ ಕಡಿಮೆಯಾಯಿತು. ನೀರನ್ನು ಅಷ್ಟಾಗಿ ಬೇಡದ ಪ್ರಾಣಿಯನ್ನು ನೋಡಲು ನಾವು ಹೊರಟಿದ್ದು ಇಂಥ ದಾರಿಯಲ್ಲಿ.

ಹೊಳೆ ದಾಟಿ ಮುಂದೆ ಸಾಗಿದಂತೆ ನೆಲದ ಬಣ್ಣವೇ ಬದಲಾಗುತ್ತದೆ. ಈಚೆ ಲಾವಾರಸ ಹರಿದು ಗಟ್ಟಿಯಾದ ಕರಿಕಲ್ಲು, ಅದು ಸವೆದು ಆದ ಎರೆಮಣ್ಣು. ಆಚೆ ಅದಕ್ಕಿಂತ ಎಷ್ಟೋ ಪಟ್ಟು ಹಳೆಯದಾದ, ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹ ಎಂದು ಕರೆಯುವ ಕಲ್ಲು. ಕೆಂಪು, ಬೂದಿ, ಅಲ್ಲಲ್ಲಿ ಗುಲಾಬಿ. ಅದರ ಸಂದಿಯಲ್ಲಿ ಜಾಲಿ, ಕಾರಿ ಕಂಟಿ, ಬಾರಿ ಗಿಡ, ಕಳ್ಳಿ, ಮೊಣಕಾಲುದ್ದದ ಒಣಹುಲ್ಲು.

ಅನುಮತಿ ಪಡೆದು, ಅರಣ್ಯ ಇಲಾಖೆಯ ವಾಚರ್ ಒಬ್ಬರನ್ನು ಮುಂದಿಟ್ಟುಕೊಂಡು ಏರು ಹತ್ತಿದೆವು. ದಾರಿ ಎಂದು ಪ್ರತ್ಯೇಕ ಏನಿಲ್ಲ; ದನ ಕುರಿ ನಡೆದು ಬಿದ್ದ ಕಾಲುದಾರಿಯೇ. ಗೌಜಲಕ್ಕಿಗಳ ಕೂಗು ನಾಲ್ಕೂ ಕಡೆಯಿಂದ. ಜಾಲಿ ಗಿಡದ ತುದಿಯಲ್ಲಿ ನೀಲಕಂಠ. ನಮ್ಮನ್ನು ಕಂಡದ್ದೇ ಟಿಟ್ಟಿಭ ಊರಿಗೆಲ್ಲ ಸಾರಿಬಿಟ್ಟಿತು. ಒಂದು ಬಂಡೆಯ ಮೇಲೆ ಕತ್ತೆಕಿರುಬದ ಲದ್ದಿ ತೋರಿಸಿದರು: ಸುಣ್ಣದಂತೆ ಬಿಳಿ. ಎಲುಬನ್ನೂ ಅರಗಿಸಿಕೊಳ್ಳುವ ಪ್ರಾಣಿ, ಲದ್ದಿ ಹಾಗಿರದೆ ಹೇಗಿದ್ದೀತು?

ಚಿಂಕಾರ ಮಾತ್ರ ಕಾಣಲೊಲ್ಲದು. ನಾನು ದುರ್ಬೀನು ಹಿಡಿದು ಇಡೀ ಇಳಿಜಾರನ್ನು ಜಾಲಾಡುತ್ತಿದ್ದೆ. ವಾಚರ್ ನಕ್ಕು ಅಂದರು: ‘ಮೈ ಹುಡುಕಬ್ಯಾಡ್ರಿ ಸರ, ಅದು ಕಲ್ಲಿನ ಬಣ್ಣನ ಐತಿ. ಬಾಲ ನೋಡ್ರಿ. ಅಲ್ಲಾಡಲಿಲ್ಲಂದ್ರ ಕಲ್ಲು, ಅಲ್ಲಾಡಿದ್ರ ಚಿಂಕಾರ.’

ಅಲ್ಲಾಡಿತು. ಕಂದು ಮೈಗೆ ಅಂಟಿದ ಗೇಣುದ್ದದ ಕಪ್ಪು ಬಾಲ, ಒಂದು ಗಳಿಗೆ ಸುಮ್ಮನಿರದ್ದು. ಆಮೇಲೆ ಕಿವಿ, ಉಂಗುರಗಟ್ಟಿದ ಕೋಡು. ಅದರ ಪಕ್ಕದಲ್ಲಿ ಇನ್ನೊಂದು, ಕೋಡು ಸಣಕಲು, ಹೆಣ್ಣು. ಕೃಷ್ಣಮೃಗದಲ್ಲಿ ಸಾಮಾನ್ಯವಾಗಿ ಗಂಡಿಗಷ್ಟೇ ಕೋಡು, ಚಿಂಕಾರದಲ್ಲಿ ಹೆಣ್ಣಿಗೂ ಉಂಟು. ಎತ್ತರ ಎರಡಡಿಗಿಂತ ತುಸು ಹೆಚ್ಚು, ತೂಕ ಇಪ್ಪತ್ತು ಕಿಲೋ ಆಸುಪಾಸು. ಕೃಷ್ಣಮೃಗ ಎರೆಹೊಲದಲ್ಲಿ ಹಿಂಡು ಕಟ್ಟಿಕೊಂಡು ತಿರುಗಿದರೆ ಇದು ಕಲ್ಲುಗುಡ್ಡದಲ್ಲಿ ಒಂಟಿಯಾಗಿ, ಬಹಳವೆಂದರೆ ಮೂರು ನಾಲ್ಕರ ಗುಂಪಿನಲ್ಲಿ ಇರುತ್ತದೆ. ನೀರಿನ ಹೊಂಡ ಬತ್ತಿದರೂ ಎಲೆ, ಕಾಯಿಗಳ ತೇವ ಮತ್ತು ಇಬ್ಬನಿಯಲ್ಲೇ ಬಹುಕಾಲ ದಿನ ದೂಡಬಲ್ಲದು. ರಾಜಸ್ಥಾನದ ರಾಜ್ಯಪ್ರಾಣಿ ಇದು ಎಂದರೆ ಅಚ್ಚರಿಯಿಲ್ಲ.

ಗಾಳಿ ತಿರುಗಿತು. ಗಂಡು ಮೂಗಿನಿಂದ ಸೀನಿದಂತೆ ಸದ್ದು ಮಾಡಿ ಮುಂಗಾಲು ಬಡಿಯಿತು. ಮರುಕ್ಷಣ ಎರಡೂ ಇಲ್ಲ.

ನೆರಳಿಗೆ ಕೂತು ಬುತ್ತಿ ಬಿಚ್ಚಿದಾಗ, ಕಟಕ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ, ಮಾತು ಗಿಡ ನೆಡುವುದರ ಕಡೆ ಹೊರಳಿತು. ಕಾಡು ತೀರ ಕಡಿಮೆ ಇರುವ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನದಿಂದ ರಸ್ತೆಬದಿ, ಊರು, ಕೆರೆಯಂಗಳ ತಂಪಾಗಿವೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬೋಳುಗುಡ್ಡ ಕಂಡಲ್ಲೆಲ್ಲ ಗುಂಡಿ ತೋಡುವ ಹುರುಪಿಗೆ ನನ್ನದು ಸ್ಪಷ್ಟ ವಿರೋಧ. ಚಿಂಕಾರ ಬದುಕುವುದು ದೂರಕ್ಕೆ ಕಣ್ಣು ಹಾಯುವ ಕಡೆ, ಓಡಲು ಬಯಲಿರುವ ಕಡೆ. ದಟ್ಟ ನೆಡುತೋಪು ಎದ್ದರೆ ಹುಲ್ಲು ಸಾಯುತ್ತದೆ, ಹುಲ್ಲಿನ ಬೆನ್ನಿಗೆ ಮೊಲ, ಬುರ್ಲಿ, ಅವನ್ನು ನಂಬಿದ ತೋಳ. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದ ಕುರುಚಲು ಕಾಡೂ 2019ರಲ್ಲಿ ಚಿಂಕಾರ ಧಾಮವಾಯಿತು. ಕುರುಚಲಿಗೂ ಬೆಲೆಯಿದೆ ಎಂದು ಕಾಗದದ ಮೇಲೆ ಒಪ್ಪಿಕೊಂಡಿದ್ದೇವೆ, ಕಂದಾಯದ ಲೆಕ್ಕದಲ್ಲಿ ಮಾತ್ರ ಅದಿನ್ನೂ ‘ಪಡಾ’.

ಇಳಿಯುವಾಗ ಸಿಕ್ಕ ಕುರಿಗಾಹಿ ಅಜ್ಜನ ಲೆಕ್ಕ ಬೇರೆ. ತೋಳ ಹೋದ ತಿಂಗಳು ಎರಡು ಮರಿ ಒಯ್ದಿತ್ತಂತೆ. ಸಿಟ್ಟು ಬರೋದಿಲ್ಲೇನ್ರಿ ಅಜ್ಜಾರ ಎಂದರೆ, ‘ಬರತೈತ್ರಿ ಮತ್ತ. ಆದ್ರ ಅದರ ಪಾಲು ಅದಕ್ಕ ಬಿಡಬೇಕಾಗತೈತಿ. ನಂಗ ತೋಳಂದಲ್ಲ, ಬೇಲಿದು ಚಿಂತಿ. ಕುರಿ ಎಲ್ಲಿ ಹೊಡಕೊಂಡು ಹೋಗ್ಲಿ ಹೇಳ್ರಿ?’ ಎಂದರು.

ಹೋಗುವವರು ಮಳೆಗಾಲ ಮುಗಿದ ಮೇಲೆ, ಫೆಬ್ರುವರಿಯ ಒಳಗೆ ಹೋಗಿ. ಸಂಜೆ ಹೊತ್ತು ಉಳಿದರೆ ಬೀಳಗಿ ಕಡೆಯ ಹೆರಕಲ್ ಹತ್ತಿರ ಆಲಮಟ್ಟಿ ಹಿನ್ನೀರಿನಲ್ಲಿ ರಾಜಹಂಸಗಳು ಇಳಿದಿವೆಯೇ ನೋಡಬಹುದು. ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಿ. ತಿಳಿ ಬಣ್ಣದ ಬಟ್ಟೆಗಿಂತ ಮಣ್ಣುಬಣ್ಣದ್ದು ಒಳ್ಳೆಯದು. ಗುಡ್ಡದ ಮೇಲೆ ಕುಡಿಯುವ ನೀರು ಸಿಕ್ಕೀತೆಂದು ನಂಬಿ ಹತ್ತಬೇಡಿ, ತಲೆಗೆ ಮೂರು ಲೀಟರಿನಂತೆ ಊರಿಂದಲೇ ತುಂಬಿಕೊಂಡು ಹೋಗಿ.