ಮೋಟಾರಿನ ಬಣ್ಣಕ್ಕೆ ತುಂತುರಿನ ಕವಚ

ಮಳೆ ಸುರಿದು ನಿಂತ ಮೇಲೆ ಹಿತ್ತಲಿನ ಕೆಸುವಿನ ಎಲೆಯನ್ನು ನೋಡದವರು ನಮ್ಮಲ್ಲಿ ವಿರಳ. ಎಲೆಯ ಮೇಲೆ ನೀರು ಹರಡದೆ ಪಾದರಸದಂತೆ ಗುಂಡಾಗಿ ನಿಂತು, ಗಾಳಿ ಬೀಸಿದೊಡನೆ ಅತ್ತಿತ್ತ ಉರುಳಿ, ಕೊನೆಗೆ ಜಾರಿ ಬಿದ್ದುಹೋಗುವುದು. ಎಲೆ ಮಾತ್ರ ಒಣಗಿಯೇ ಇರುವುದು. ತಾವರೆಯೆಲೆಯ ಮೇಲಿನ ನೀರಿನಂತೆ ಎಂದು ಹಿರಿಯರು ಹೇಳುತ್ತ ಬಂದುದೂ ಇದನ್ನೇ. ಈ ಗುಣವನ್ನು ಮೋಟಾರು ಗಾಡಿಯ ಬಣ್ಣಕ್ಕೂ ತಂದುಕೊಡುವೆವೆಂದು ಹೇಳುವ ದ್ರಾವಣಗಳು ಈಚೆಗೆ ಸೀಸೆಗಳಲ್ಲಿಯೂ ಡಬ್ಬಿಗಳಲ್ಲಿಯೂ ಅಂಗಡಿಗಳನ್ನು ತುಂಬಿರುವುವು. ಸಿಂಪಡಿಸಿ ಒರೆಸಿದರೆ ಕೆಲಸ ಮುಗಿಯಿತೆಂಬುದು ಮಾರುವವರ ಮಾತು. ಸಾಧಾರಣ ಸಂಸಾರದಲ್ಲಿ ಮನೆಯ ತರುವಾಯ ಹೆಚ್ಚು ಹಣ ವೆಚ್ಚವಾಗುವುದು ಗಾಡಿಗೇ ಆದುದರಿಂದ, ಈ ಮಾತಿನಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬುದನ್ನು ವಿಚಾರಮಾಡಿ ನೋಡುವುದು ಯುಕ್ತವಾಗಿದೆ.

ಮೊದಲು ಎಲೆಯ ಗುಟ್ಟನ್ನು ತಿಳಿಯೋಣ. ಜರ್ಮನಿಯ ಸಸ್ಯಶಾಸ್ತ್ರಜ್ಞರಾದ ವಿಲ್ಹೆಲ್ಮ್ ಬಾರ್ಥ್‌ಲಾಟ್ ಮತ್ತು ಕ್ರಿಸ್ಟಾಫ್ ನೈನ್‌ಹುಯಿಸ್ ಎಂಬುವರು ೧೯೯೭ರಲ್ಲಿ ಇದನ್ನು ವಿಶದವಾಗಿ ಪ್ರಕಟಿಸಿದರು. ತಾವರೆಯೆಲೆ ಕಣ್ಣಿಗೆ ನುಣುಪಾಗಿ ತೋರಿದರೂ ಅದರ ಮೈತುಂಬ ಅತಿ ಸೂಕ್ಷ್ಮವಾದ ಗುಬುಟುಗಳಿದ್ದು, ಅವುಗಳ ಮೇಲೆ ಮೇಣದ ಕಣಗಳಿರುವುವು. ನೀರಹನಿಯು ಆ ಗುಬುಟುಗಳ ತುದಿಯನ್ನು ಮಾತ್ರ ಮುಟ್ಟಿ, ಮಿಕ್ಕೆಡೆಯಲ್ಲಿ ಗಾಳಿಯ ಮೇಲೆಯೇ ನಿಂತಿರುವುದು. ಆದುದರಿಂದಲೇ ಅದು ಸುಲಭವಾಗಿ ಉರುಳುವುದು. ಉರುಳುವಾಗ ಧೂಳನ್ನೂ ಜೊತೆಗೆ ಒಯ್ಯುವುದು.

ಗಾಡಿಯ ಬಣ್ಣವಾದರೋ ಕನ್ನಡಿಯಂತೆ ನುಣುಪು. ಅದಕ್ಕೆ ಗುಬುಟುಗಳಿಲ್ಲ. ಸಿಂಪಡಿಸುವ ದ್ರಾವಣವು ಅದಕ್ಕೆ ಮೇಣದ ಸ್ವಭಾವವನ್ನು ಮಾತ್ರ ಕೊಡಬಲ್ಲುದು. ಕೆಲವು ದ್ರಾವಣಗಳಲ್ಲಿ ಬ್ರೆಜಿಲ್ ದೇಶದ ಕಾರ್ನೌಬಾ ಎಂಬ ತಾಳೆಯ ಎಲೆಯಿಂದ ತೆಗೆದ ಮೇಣವಿರುವುದು. ಕೆಲವರಲ್ಲಿ ಸಿಲಿಕೋನು, ಮತ್ತೆ ಕೆಲವರಲ್ಲಿ ಸಿಲಿಕಾ ಸೇರಿರುವುದು. ಇವನ್ನು ಬಳಿದ ಬಣ್ಣಕ್ಕೂ ನೀರಿಗೂ ಸ್ನೇಹ ಕಡಿಮೆಯಾಗಿ, ನೀರು ಹರಡದೆ ಮಣಿಮಣಿಯಾಗಿ ನಿಲ್ಲುವುದು. ಆದರೆ ಆ ಮಣಿಗಳು ತಾವರೆಯೆಲೆಯ ಮೇಲಿನ ಹನಿಗಳಂತೆ ತಾವಾಗಿ ಉರುಳಿ ಧೂಳನ್ನೆಲ್ಲ ಗುಡಿಸಿಬಿಡುವುವೆಂದು ನಂಬಬಾರದು. ತನ್ನ ಮೈಯನ್ನು ತಾನೇ ತೊಳೆದುಕೊಳ್ಳುವ ಗಾಡಿ ಇನ್ನೂ ನಮ್ಮ ಬೀದಿಗೆ ಬಂದಿಲ್ಲ.

ಹಾಗಾದರೆ ಪ್ರಯೋಜನವಿಲ್ಲವೆ? ಉಂಟು. ಗಾಡಿಯ ಬಣ್ಣದ ಮೇಲೆ ಕಾರ್ಖಾನೆಯವರು ಹಚ್ಚಿದ ಪಾರದರ್ಶಕ ಲೇಪವೊಂದಿರುವುದು. ಅದರ ದಪ್ಪ ಸಾಮಾನ್ಯವಾಗಿ ೪೦-೫೦ ಮೈಕ್ರಾನು, ಎಂದರೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು. ಹೊಳಪೆಲ್ಲ ಅದರದೇ. ತುಂತುರಿನ ಪೊರೆಯು ಅದಕ್ಕಿಂತ ಎಷ್ಟೋ ತೆಳುವಾಗಿ ಅದರ ಮೇಲೆ ನಿಂತು, ಬಿಸಿಲು, ಕೆಸರು, ಮರದ ಅಂಟು, ಹಕ್ಕಿಯ ಹಿಕ್ಕೆ ಇವುಗಳ ಮೊದಲ ಪೆಟ್ಟನ್ನು ತಾನು ಸಹಿಸುವುದು. ಕೊಳೆ ಗಟ್ಟಿಯಾಗಿ ಅಂಟದು; ತೊಳೆಯುವುದು ಸುಲಭವಾಗುವುದು. ಆದರೆ ಗೀರನ್ನಾಗಲಿ ಕಲ್ಲೇಟನ್ನಾಗಲಿ ಅದು ತಡೆಯಲಾರದು. ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಸವೆದುಹೋಗುವುದು, ಮತ್ತೆ ಹಚ್ಚಬೇಕು.

ನಾವೂ ಮೊದಲು ಮಾರುವವರ ಮಾತನ್ನು ನಂಬಿ, ಬೇಸಗೆಯ ಒಂದು ಮಧ್ಯಾಹ್ನ ಬಿಸಿಲಲ್ಲಿ ಕಾದಿದ್ದ ಗಾಡಿಗೆ ಸೀಸೆಯ ಅರ್ಧವನ್ನು ಸುರಿದೆವು. ದ್ರಾವಣವು ಒರೆಸುವ ಮೊದಲೇ ಆರಿ ಬಿಳಿಯ ಪಟ್ಟೆಗಳಾದುವು. ಆ ಪಟ್ಟೆಗಳನ್ನು ಬಿಡಿಸಹೋದಾಗ ಬೇರೊಂದು ಸಂಗತಿ ಕಣ್ಣಿಗೆ ಬಿದ್ದಿತು: ಬಾನೆಟ್ಟಿನ ತುಂಬ ಜೇಡರ ಬಲೆಯಂತೆ ಸುತ್ತುಸುತ್ತಾದ ಸಣ್ಣ ಗೀರುಗಳು. ಅವನ್ನು ಮಾಡಿದುದು ಮಳೆಯಲ್ಲ, ಬಿಸಿಲೂ ಅಲ್ಲ. ದಿನವೂ ಬೆಳಗ್ಗೆ ಒರೆಸುತ್ತಿದ್ದ ಬಟ್ಟೆ.

ನಮ್ಮ ಪಟ್ಟಣಗಳ ವಠಾರಗಳಲ್ಲಿ ಗಾಡಿ ಒರೆಸುವ ಕ್ರಮವನ್ನು ವಾಚಕರು ಬಲ್ಲರು. ಬೆಳಗಿನ ಜಾವದಲ್ಲಿ ಒಬ್ಬನೇ ಆಳು, ಒಂದೇ ಬಕೆಟ್ಟು, ಒಂದೇ ಬಟ್ಟೆಯಿಂದ ಹತ್ತು ಗಾಡಿಗಳನ್ನು ಒರೆಸಬೇಕು. ಮೂರನೆಯ ಗಾಡಿಯ ವೇಳೆಗೆ ನೀರೆಲ್ಲ ಮಣ್ಣು. ರಸ್ತೆಯ ಮರಳಿನ ಕಣವು ಬಣ್ಣಕ್ಕಿಂತ ಬಹಳ ಗಡುಸು. ಬಟ್ಟೆಯಲ್ಲಿ ಸಿಕ್ಕಿಕೊಂಡ ಕಣವೊಂದೊಂದೂ ಒಂದೊಂದು ಗೀರನ್ನು ಎಳೆಯುವುದು. ತಪ್ಪು ಆ ಆಳಿನದಲ್ಲ. ನೀರನ್ನೂ ಬಟ್ಟೆಯನ್ನೂ ಒದಗಿಸದ ನಮ್ಮದು. ಧೂಳಿನ ಮೇಲೆಯೇ ದ್ರಾವಣ ಸಿಂಪಡಿಸಿ ಉಜ್ಜಿದರೂ ಇದೇ ಫಲ.

ಆದುದರಿಂದ ಸರಿಯಾದ ಕ್ರಮವು ಹೀಗೆ. ಗಾಡಿಯನ್ನು ನೆರಳಲ್ಲಿ ನಿಲ್ಲಿಸಿ, ಮೈ ತಣ್ಣಗಾದ ಮೇಲೆ ಬರಿಯ ನೀರು ಹಾಯಿಸಿ ಮರಳನ್ನು ಕಳೆಯತಕ್ಕದ್ದು. ಬಳಿಕ ಗಾಡಿಗೆಂದೇ ಮಾಡಿದ ಶಾಂಪುವಿನ ನೀರು ಒಂದು ಬಕೆಟ್ಟಿನಲ್ಲಿ, ಬಟ್ಟೆ ಜಾಲಿಸಲು ಶುದ್ಧ ನೀರು ಇನ್ನೊಂದರಲ್ಲಿ ಇಟ್ಟುಕೊಂಡು, ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಪಾತ್ರೆ ಬೆಳಗುವ ಸಾಬೂನು ಮೇಣವನ್ನು ಕಿತ್ತುಹಾಕುವುದರಿಂದ ಅದು ಬೇಡ. ಕೆಳಗೆ ಬಿದ್ದ ಬಟ್ಟೆಯನ್ನು ತೊಳೆಯದೆ ಮತ್ತೆ ಮುಟ್ಟಿಸಕೂಡದು. ಒಣಗಿದ ಮೇಲೆ ಒಂದೊಂದು ಭಾಗಕ್ಕೆ ಎರಡು ಮೂರು ಸಲ ಮಾತ್ರ ಸಿಂಪಡಿಸಿ, ಮೆತ್ತನೆಯ ಒಂದು ಬಟ್ಟೆಯಿಂದ ಹರಡಿ, ಒಣಗಿದ ಇನ್ನೊಂದರಿಂದ ಹೊಳಪು ಬರುವಂತೆ ಒರೆಸಬೇಕು. ಕೆಲವನ್ನು ಒದ್ದೆಯ ಮೈಗೇ ಸಿಂಪಡಿಸಿ ಒಡನೆಯೇ ಧಾರೆಯಾಗಿ ನೀರು ಹಾಯಿಸಬೇಕಾಗುವುದು. ಚೀಟಿಯನ್ನು ಓದಿ ತಿಳಿಯಿರಿ. ಬ್ರೇಕು, ಟಯರು, ಕಾಲಿನ ಪೆಡಲು, ಸ್ಟಿಯರಿಂಗು, ಸ್ಕೂಟರಿನ ಸೀಟು ಇವಕ್ಕೆ ತಗುಲಿದರೆ ಜಾರಿಕೆಯಿಂದ ಅಪಾಯವುಂಟು.

ಕೊಳವೆ ಬಾವಿಯ ಗಡುಸು ನೀರನ್ನು ಬಳಸುವವರಿಗೆ ಇನ್ನೊಂದು ಮಾತು. ಮಣಿಯಾಗಿ ನಿಂತ ಹನಿ ಅಲ್ಲಿಯೇ ಆರಿದರೆ ಅದರೊಳಗಿನ ಸುಣ್ಣದಂಶವು ಬಿಳಿಯ ಉಂಗುರವಾಗಿ ಉಳಿಯುವುದು. ಮಣಿಯ ಅಂದವನ್ನು ನೋಡುತ್ತ ನಿಲ್ಲದೆ ಒರೆಸಿಬಿಡುವುದೇ ಲೇಸು.

ಎಲ್ಲಕ್ಕಿಂತ ಮುಖ್ಯವಾದುದನ್ನು ಕೊನೆಗೆ ಹೇಳುವೆವು. ೨೦೦೬ರಲ್ಲಿ ಜರ್ಮನಿಯಲ್ಲಿ, ಗಾಜಿಗೂ ಸ್ನಾನದ ಮನೆಗೂ ಸಿಂಪಡಿಸುವ ಇಂತಹುದೇ ನೀರು ಹತ್ತಿಸದ ದ್ರಾವಣವೊಂದನ್ನು ಉಪಯೋಗಿಸಿದ ಅನೇಕರಿಗೆ ಉಸಿರಾಟದ ತೊಂದರೆಯಾಗಿ, ಕೆಲವರು ಆಸ್ಪತ್ರೆ ಸೇರಬೇಕಾಯಿತು. ತೊಂದರೆಯಾದುದು ಒತ್ತಡದ ಡಬ್ಬಿಯಿಂದ. ಕೈಯಿಂದ ಅದುಮುವ ಸೀಸೆಯಿಂದಲ್ಲ. ಡಬ್ಬಿಯಿಂದ ಹೊರಡುವ ತುಂತುರು ಅತಿ ನವುರಾಗಿದ್ದು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲುದು. ಆದುದರಿಂದ ಅದುಮುವ ಸೀಸೆಯನ್ನೇ ಕೊಳ್ಳಿರಿ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಸಿಂಪಡಿಸಬೇಡಿರಿ. ಮಕ್ಕಳನ್ನೂ, ಉಬ್ಬಸವುಳ್ಳ ಹಿರಿಯರನ್ನೂ ದೂರವಿಡಿರಿ. ಗಾಡಿಯ ಮೇಲೆ ಸಿಂಪಡಿಸುವುದರ ಬದಲು ಬಟ್ಟೆಯ ಮೇಲೆಯೇ ಸಿಂಪಡಿಸಿಕೊಂಡು ಒರೆಸಿದರೆ ಇನ್ನೂ ಕ್ಷೇಮ.

ಅಂಗಡಿಯಿಂದ ಸೀಸೆಯನ್ನು ತರುವವರು ಅದರೊಂದಿಗೆ ಎರಡು ಒಳ್ಳೆಯ ಬಟ್ಟೆಗಳನ್ನೂ, ಒರೆಸುವ ಆಳಿಗೆ ಇನ್ನೊಂದು ಬಕೆಟ್ಟನ್ನೂ ತರಲಿ. ಸೀಸೆಯ ಹಣ ವ್ಯರ್ಥವಾಗದಿರಬೇಕಾದರೆ ಇವೇ ಮೊದಲು ಬೇಕಾದುವು.