‘ಎರಡೇ ಸಾಕು’ ಎಂದ ಸಿಂಗಪುರದಲ್ಲಿ ಖಾಲಿ ತೊಟ್ಟಿಲು

ರಕ್ತದೊತ್ತಡ ತೋರಿಸಿಕೊಳ್ಳಲು ಬಂದ ನಿವೃತ್ತ ಮೇಷ್ಟರೊಬ್ಬರು ಅಂಗಿಯ ತೋಳು ಮಡಿಸುತ್ತಲೇ ಕೇಳಿದರು: “ಸಿಂಗಪುರದಲ್ಲಿ ಮಗು ಹೆತ್ತರೆ ಸರ್ಕಾರ ದುಡ್ಡು ಕೊಡುತ್ತದಂತೆ, ನಿಜವೇ ಡಾಕ್ಟ್ರೇ?” ಅವರ ಮಗಳು, ಅಳಿಯ ಅಲ್ಲಿ ಕೆಲಸದಲ್ಲಿದ್ದಾರೆ. ಮದುವೆಯಾಗಿ ಆರು ವರ್ಷ. ಮಗಳಿಗೆ ಈಗ ಮೂವತ್ತನಾಲ್ಕು.

ನಿಜ. 2023ರ ಫೆಬ್ರುವರಿ 14ರಿಂದೀಚೆಗೆ ಹುಟ್ಟಿದ ಮೊದಲ ಎರಡು ಮಕ್ಕಳಿಗೆ ತಲಾ 11,000, ಮೂರನೆಯದರಿಂದ 13,000 ಸಿಂಗಪುರ ಡಾಲರ್ ನಗದು ಗೊತ್ತಾಗಿದೆ. ಆದರೆ ಮಗು ಆ ದೇಶದ ಪ್ರಜೆಯಾಗಿರಬೇಕು. ಮೇಷ್ಟರ ಮುಖ ಸ್ವಲ್ಪ ಸಪ್ಪೆಯಾಯಿತು.

ಇದೇ ದೇಶ ಒಂದು ಕಾಲಕ್ಕೆ ಮಕ್ಕಳು ಹೆಚ್ಚಾದರೆ ಗದರಿಸುತ್ತಿತ್ತು. 1965ರಲ್ಲಿ ಸ್ವತಂತ್ರವಾದಾಗ ಅಲ್ಲಿನ ಜನಸಂಖ್ಯೆ ಸುಮಾರು 19 ಲಕ್ಷ. ಒಬ್ಬ ಮಹಿಳೆಗೆ ಸರಾಸರಿ ನಾಲ್ಕೂವರೆಗಿಂತ ಹೆಚ್ಚು ಮಕ್ಕಳು. 1966ರಲ್ಲಿ ಕುಟುಂಬ ಯೋಜನಾ ಮಂಡಳಿ ಬಂತು. 1972ರಲ್ಲಿ ‘ಎರಡೇ ಸಾಕು’ ಪ್ರಚಾರ. ಮಕ್ಕಳ ಸಂಖ್ಯೆ ಏರಿದಂತೆ ಆಸ್ಪತ್ರೆಯ ಹೆರಿಗೆ ಶುಲ್ಕವೂ ಏರುತ್ತಿತ್ತು. ಎರಡು ಹೆರಿಗೆಯ ನಂತರ ಸಂಬಳದ ರಜೆ ಇಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮಕ್ಕಳಿಗೆ ಶಾಲಾ ಪ್ರವೇಶದಲ್ಲಿ ಆದ್ಯತೆ.

ಗಂಡ ಹೆಂಡಿರ ಜಾಗ ತುಂಬಲು ಇಬ್ಬರು ಮಕ್ಕಳು ಬೇಕು. ಚಿಕ್ಕಂದಿನಲ್ಲೇ ತೀರಿಕೊಳ್ಳುವವರೂ ಇರುತ್ತಾರೆ, ಹುಟ್ಟುವವರಲ್ಲಿ ಗಂಡು ತುಸು ಹೆಚ್ಚು. ಆದ್ದರಿಂದ ತಜ್ಞರ ಲೆಕ್ಕ 2.1. ಸಿಂಗಪುರ 1970ರ ದಶಕದ ನಡುವಿನಲ್ಲೇ ಅದಕ್ಕಿಂತ ಕೆಳಗಿಳಿಯಿತು. ಆದರೂ ಪ್ರಚಾರ ಇನ್ನೂ ಹತ್ತು ವರ್ಷ ನಡೆಯಿತು! 1987ರಲ್ಲಿ ಸರ್ಕಾರ ಮಾತು ತಿರುಗಿಸಿ, ‘ಶಕ್ತಿಯಿದ್ದರೆ ಮೂರು ಅಥವಾ ಹೆಚ್ಚು ಹೆರಿ’ ಎಂದಿತು. ಮರುವರ್ಷ ಹೆರಿಗೆಗಳು ಹೆಚ್ಚಿದವು ನಿಜ. ಆದರೆ 1988 ಚೀನೀಯರಿಗೆ ಶುಭವಾದ ಡ್ರ್ಯಾಗನ್ ವರ್ಷವೂ ಆಗಿತ್ತು. ಆ ಏರಿಕೆ ನಿಲ್ಲಲಿಲ್ಲ. 2001ರಿಂದ ನಗದು ಕೊಡಲಾರಂಭಿಸಿದರೂ 2023ರಲ್ಲಿ ಸರಾಸರಿ 0.97ಕ್ಕೆ ಇಳಿಯಿತು. ಅಂದರೆ ಒಬ್ಬ ಮಹಿಳೆಗೆ ಪೂರ್ತಿ ಒಂದು ಮಗುವೂ ಇಲ್ಲ.

ಹಾಗೆಂದು ಊರು ಖಾಲಿಯಾಗಿಲ್ಲ. 2024ರಲ್ಲಿ ಜನಸಂಖ್ಯೆ 60 ಲಕ್ಷ ದಾಟಿತು. ಅವರಲ್ಲಿ ಪ್ರಜೆಗಳು ಸುಮಾರು 36 ಲಕ್ಷ. ಉಳಿದವರು ಮೇಷ್ಟರ ಮಗಳಂತೆ ಪೌರತ್ವವಿಲ್ಲದೆ ನೆಲೆಸಿರುವವರು. 2030ರ ವೇಳೆಗೆ ಪ್ರಜೆಗಳಲ್ಲಿ ನಾಲ್ವರಿಗೊಬ್ಬರು 65 ದಾಟಿದವರಾಗಿರುತ್ತಾರೆಂಬ ಅಂದಾಜಿದೆ. ತಂದೆತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದೆಂಬ ಕಾಯಿದೆಯನ್ನು ಆ ದೇಶ 1995ರಲ್ಲೇ ಮಾಡಿತು. ನಮ್ಮಲ್ಲಿ ಅಂಥದೇ ಕಾಯಿದೆ 2007ರಲ್ಲಿ ಬಂತು.

ದುಡ್ಡು ಕೊಟ್ಟರೂ ತೊಟ್ಟಿಲು ಏಕೆ ತುಂಬುತ್ತಿಲ್ಲ? ಓದು, ನೌಕರಿ, ಮನೆ, ಆಮೇಲೆ ಮದುವೆ, ಅದರ ನಂತರ ಮಗು. ಇದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಆದರೆ ಶರೀರದ ಗಡಿಯಾರ ಬೇರೆ. ಹೆಣ್ಣು ಶಿಶು ಹುಟ್ಟುವಾಗಲೇ ಅಂಡಾಶಯಗಳಲ್ಲಿ ಹತ್ತಿಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಋತುಮತಿಯಾಗುವ ವೇಳೆಗೆ ಮೂರು ನಾಲ್ಕು ಲಕ್ಷ. ಹೊಸದಾಗಿ ಉತ್ಪತ್ತಿಯಾಗುವುದಿಲ್ಲ. ಮೂವತ್ತೈದರ ನಂತರ ಸಂಖ್ಯೆ, ಗುಣ ಎರಡೂ ವೇಗವಾಗಿ ಕುಗ್ಗುತ್ತವೆ. ಗರ್ಭಪಾತದ ಸಂಭವ, ಬಸಿರಿನಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಹೆಚ್ಚುತ್ತವೆ. ‘ಪ್ರನಾಳ ಶಿಶು ಇದೆಯಲ್ಲ’ ಎನ್ನುವವರಿದ್ದಾರೆ. ಸ್ವಂತ ಅಂಡಾಣುವಿನಿಂದಾದರೆ ಅದರ ಯಶಸ್ಸೂ ವಯಸ್ಸಿನೊಂದಿಗೆ ಇಳಿಯುತ್ತದೆ. 2023ರ ಜುಲೈಯಿಂದ ಸಿಂಗಪುರದಲ್ಲಿ 37 ವರ್ಷದವರೆಗಿನ ಮಹಿಳೆಯರು ಅಂಡಾಣುಗಳನ್ನು ಶೈತ್ಯೀಕರಿಸಿ ಇಡಿಸಬಹುದು. ಮುಂದೆ ಮಗುವಾಗುತ್ತದೆಂಬ ಖಾತ್ರಿ ಅದರಲ್ಲಿಲ್ಲ.

ಇದು ದೂರದ ಸಂಗತಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸರಾಸರಿ 1.7.

“ಹಾಗಾದರೆ ಮಗಳಿಗೆ ಫೋನ್ ಮಾಡಿ ಹೇಳಲೇ?” ಎಂದರು ಮೇಷ್ಟರು. ಒತ್ತಾಯ ಬೇಡ, ಮಗು ಬೇಕೋ ಬೇಡವೋ ಅವರಿಬ್ಬರು ತೀರ್ಮಾನಿಸಲಿ ಎಂದೆ. ಬೇಕೆಂದಾದರೆ ಈಗಿನಿಂದಲೇ ವೈದ್ಯರ ಸಲಹೆಯಂತೆ ಫೋಲಿಕ್ ಆಮ್ಲದ ಮಾತ್ರೆ; ಮೂವತ್ತೈದು ತುಂಬಿದ ಮೇಲೆ ಆರು ತಿಂಗಳು ಪ್ರಯತ್ನಿಸಿಯೂ ಬಸಿರಾಗದಿದ್ದರೆ ಕಾಯದೆ ತಪಾಸಣೆ. ಅಳಿಯನ ವೀರ್ಯ ಪರೀಕ್ಷೆಯೂ ಜೊತೆಗೇ ಆಗಬೇಕು. ಅದನ್ನು ನಮ್ಮವರು ಕೊನೆಗೆ ಇಟ್ಟುಕೊಳ್ಳುತ್ತಾರೆ.

ಅಂದು ಅವರ ರಕ್ತದೊತ್ತಡ 160/96 ಇತ್ತು. ಮಾತ್ರೆ ಬದಲಿಸಲಿಲ್ಲ, ವಾರ ಬಿಟ್ಟು ಬನ್ನಿ ಎಂದೆ.