ಅಮರ್ಜಾ ದಂಡೆಯಿಂದ ಜೇವರ್ಗಿ ಆಸ್ಪತ್ರೆಯವರೆಗೆ

ಅಮರ್ಜಾ ಹೊಳೆ ಆಳಂದ ತಾಲ್ಲೂಕಿನಲ್ಲಿ ಹುಟ್ಟುತ್ತದೆ. ಕೋರಳ್ಳಿ ಹತ್ತಿರದ ಅಣೆಕಟ್ಟೆ ದಾಟಿ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಅಲ್ಲಿಂದ ಜೇವರ್ಗಿ ಸೀಮೆಗೆ ಇಳಿಯುತ್ತದೆ. ನಾನೂ ನೀರು ಹರಿದ ದಿಕ್ಕಿನಲ್ಲೇ ಹೊರಟೆ. ಹೊಳೆ ನೋಡುವುದಕ್ಕಲ್ಲ. ಕುಡಿತವೋ ಗಾಂಜಾವೋ ಒಂದು ಕಡೆ, ಮನಸ್ಸಿನ ಕಾಯಿಲೆ ಇನ್ನೊಂದು ಕಡೆ, ಇವೆರಡೂ ಒಬ್ಬನ ಮೈಯಲ್ಲೇ ಸೇರಿಕೊಂಡಾಗ ಮನೆಯವರು ಅವನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಎಂದು ನೋಡಬೇಕಿತ್ತು.

ಆಳಂದ ಮುಟ್ಟಿದಾಗ ತೊಗರಿ ರಾಶಿ ಮುಗಿದಿತ್ತು. ರಾಶಿ ಮುಗಿದ ಮೇಲೆ ಈ ಕಡೆ ಕೈಗೆ ಒಂದಿಷ್ಟು ರೊಕ್ಕ ಬರುತ್ತದೆ, ಇಲ್ಲವೇ ಸಾಲದ ಲೆಕ್ಕ ಬರುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2022ರ ಹಂಗಾಮಿನಲ್ಲಿ ಅದೇ ತೊಗರಿ ನೆಟೆ ರೋಗಕ್ಕೆ ಸಿಕ್ಕಿ, ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗಿತು. ಚಹಾದಂಗಡಿಯ ಬೆಂಚಿನ ಮೇಲೆ ಈ ಮಾತು ಎದ್ದಾಗ ಪಕ್ಕದಲ್ಲಿದ್ದ ರೈತರೊಬ್ಬರು ಬೆಳೆಯ ಬಗ್ಗೆ ಹೆಚ್ಚು ಹೇಳಲಿಲ್ಲ. ನಿದ್ದೆಯ ಬಗ್ಗೆ ಹೇಳಿದರು. “ರಾತ್ರಿ ನಿದ್ದಿ ಹತ್ತಂಗಿಲ್ರಿ. ಒಂದ್ ಕ್ವಾರ್ಟರ್ ಹಾಕ್ಕೊಂಡ್ರ ಕಣ್ಣ ಮುಚ್ಚತಾವ.”

ಆ ಮಾತಿನಲ್ಲಿ ಸುಳ್ಳಿಲ್ಲ. ಮದ್ಯ ನಿದ್ದೆ ಹತ್ತಿಸುತ್ತದೆ. ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ಅದು ಇಳಿಯುವಾಗ ನಿದ್ದೆಯನ್ನು ಒಡೆಯುತ್ತದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ, ಎದೆ ಡವಗುಟ್ಟಿ, ಸಾಲದವನ ಮುಖ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಮರುದಿನ ಒಂದು ಕ್ವಾರ್ಟರ್ ಸಾಲುವುದಿಲ್ಲ. ತಿಂಗಳು ಕಳೆದ ಮೇಲೆ ಆತ ಯಾವ ಗಾಬರಿಯನ್ನು ಕಳೆಯಲು ಕುಡಿಯುತ್ತಾನೋ ಅದರಲ್ಲಿ ಅರ್ಧ ಕುಡಿತವೇ ಹುಟ್ಟಿಸಿದ್ದಾಗಿರುತ್ತದೆ. ಆದರೆ ಅವನ ಅನುಭವ ಇದಕ್ಕೆ ತದ್ವಿರುದ್ಧ: ಕುಡಿದಾಗಲೆಲ್ಲ ಸಮಾಧಾನ ಆಗಿದೆ, ಬಿಟ್ಟಾಗಲೆಲ್ಲ ಕಷ್ಟ ಆಗಿದೆ. ಹಾಗಾಗಿ ‘ಇದೇ ನನ್ನ ಔಷಧ’ ಎಂದು ಅವನು ನಂಬುವುದರಲ್ಲಿ ಮೂರ್ಖತನವೇನೂ ಇಲ್ಲ. ವ್ಯಸನಿಗಳು ತಮ್ಮ ನೋವಿಗೆ ತಾವೇ ಮದ್ದು ಹುಡುಕಿಕೊಂಡವರು ಎಂಬ ವಾದವನ್ನು ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯನ್ 1985ರಲ್ಲಿ ಮುಂದಿಟ್ಟರು. ಎಲ್ಲ ಕುಡುಕರಿಗೂ ಅದು ಹೊಂದುವುದಿಲ್ಲ. ಆ ಬೆಂಚಿನ ಮೇಲೆ ಕೂತವರಿಗೆ ಚೆನ್ನಾಗಿಯೇ ಹೊಂದುತ್ತದೆ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಪಾಕೀಟು ಹೋಗಿ ಬಾಟಲಿ ಬಂತು, ಆಮೇಲೆ ಹಳ್ಳಿಯ ಕಿರಾಣಿ ಅಂಗಡಿಯ ಮರೆಗೂ ಬಂತು. ಇದರ ವಿರುದ್ಧ ಹೆಂಗಸರು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಅಂಗಡಿ ಮುಚ್ಚಿದ ರಾತ್ರಿ ನಿದ್ದೆ ಬಾರದವನು ಏನು ಮಾಡಬೇಕು ಎಂದು ಆಳುವವರು ಆಗಲೂ ಯೋಚಿಸಲಿಲ್ಲ, ಈಗಲೂ ಯೋಚಿಸಿದಂತಿಲ್ಲ.

ಆಳಂದದ ಒಂದು ಮಗ್ಗುಲಿಗೆ ಮಹಾರಾಷ್ಟ್ರದ ಉಮರ್ಗಾ, ಇನ್ನೊಂದಕ್ಕೆ ಅಕ್ಕಲಕೋಟ. ಗಡಿ ಎಂದ ಮೇಲೆ ಗಾಂಜಾ ಮಾತೂ ಬರಲೇಬೇಕು. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಇದೇ ಕಲಬುರಗಿ ಜಿಲ್ಲೆಯ ಕಾಳಗಿ ಕಡೆಯ ಕುರಿ ಸಾಕಣೆ ಜಾಗವೊಂದರಲ್ಲಿ, ನೆಲದಡಿ ಬಚ್ಚಿಟ್ಟಿದ್ದ 1300 ಕಿಲೋಗೂ ಮಿಕ್ಕಿದ ಗಾಂಜಾ ಹಿಡಿದರು. ಸುದ್ದಿ ಅಷ್ಟಕ್ಕೇ ನಿಂತಿತು. ಸೇದಿದವರ ಸುದ್ದಿ ಪೊಲೀಸ್ ಠಾಣೆಗಲ್ಲ, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಬರುತ್ತದೆ.

ದರ್ಗಾದ ಅಂಗಳದಲ್ಲಿ ಹಿಂದೂ ಮುಸ್ಲಿಂ ಎನ್ನದೆ ಮಂದಿ ಕೂತಿರುತ್ತಾರೆ. ಮಗನ ಪಕ್ಕ ಕೂತಿದ್ದ ಮುದುಕಿಯೊಬ್ಬರು ತಾವಾಗಿಯೇ ಮಾತಿಗೆ ಬಂದರು. “ಗಾಂಜಿ ಸೇದಿ ತಲಿ ಕೆಡಿಸ್ಕೊಂಡಾನ ನೋಡಪಾ.” ಯಾವುದು ಮೊದಲಾಯಿತು ಆಯಿ ಎಂದೆ. ಸ್ವಲ್ಪ ಹೊತ್ತು ಯೋಚಿಸಿದರು. “ಮದ್ಲ ಮಂದಿ ಜೋಡಿ ಮಾತ್ ಬಿಟ್ಟ. ಗ್ವಾಡಿ ಕಡಿ ಮಾರಿ ಮಾಡಿ ಕುಂದ್ರತಿದ್ದ. ಆಮ್ಯಾಲ ಪುಣೇಕ ಕೆಲ್ಸಕ್ಕ ಹೋದ, ಅಲ್ಲಿ ಗಾಂಜಿ ಕಲ್ತ.”

ಯಾವುದು ಮೊದಲು ಎಂಬ ಪ್ರಶ್ನೆಗೆ ಎರಡೂ ದಿಕ್ಕಿನ ಉತ್ತರಗಳಿವೆ. ಸ್ವೀಡನ್ನಿನಲ್ಲಿ ಸೇನೆಗೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಗಾಂಜಾವನ್ನು ಐವತ್ತಕ್ಕೂ ಹೆಚ್ಚು ಸಲ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಸುಮಾರು ಆರು ಪಟ್ಟು ಹೆಚ್ಚು ಕಂಡಿತ್ತು. ಆದರೆ ಆ ಕಾಯಿಲೆ ಪೂರ್ತಿ ಎದ್ದು ಕಾಣುವ ಮುಂಚೆಯೇ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮಬ್ಬು ಕಾಲ ಒಂದಿರುತ್ತದೆ. ಗೆಳೆಯರು ದೂರವಾಗುತ್ತಾರೆ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತದೆ, ಏನೂ ರುಚಿಸುವುದಿಲ್ಲ. ಆ ಹೊತ್ತಿನಲ್ಲಿ, ಊರು ಬಿಟ್ಟು ತಗಡಿನ ಶೆಡ್ಡಿನಲ್ಲಿ ಮಲಗುವ ಹುಡುಗನಿಗೆ ಚಿಲುಮೆ ಹಂಚಿಕೊಳ್ಳುವ ಗುಂಪೊಂದೇ ಪ್ರಶ್ನೆ ಕೇಳದೆ ಜಾಗ ಕೊಡುತ್ತದೆ. ಸೇದಿದ್ದರಿಂದ ಕಾಯಿಲೆ ಮುಂಚೆಯೇ ಬಂದಿರಬಹುದು, ಬಿರುಸಾಗಿರಬಹುದು. ಆದರೆ ಎಲ್ಲದಕ್ಕೂ ಗಾಂಜಾ ಒಂದನ್ನೇ ಹೊಣೆ ಮಾಡಿದರೆ ಮನೆಯವರು ಚಟ ಬಿಡಿಸುವುದಷ್ಟೇ ಮದ್ದು ಎಂದುಕೊಳ್ಳುತ್ತಾರೆ. ಚಟ ಬಿಟ್ಟ ಮೇಲೂ ಮಗ ಗೋಡೆಗೆ ಮುಖ ಮಾಡಿ ಕೂತಾಗ ‘ಗಾಳಿ’ ಅನ್ನುತ್ತಾರೆ. ಮಾತ್ರೆಗೆ ಸರದಿ ಬರುವುದು ಕೊನೆಗೆ.

ದರ್ಗಾವನ್ನು ಬೈಯುವ ಉಮೇದು ನನಗಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಮನೋವೈದ್ಯರನ್ನು ಕೂರಿಸಿ, ಮುಜಾವರರಿಗೆ ಕಾಯಿಲೆಯ ಗುರುತು ಹೇಳಿಕೊಟ್ಟು, ದುವಾ ಜೊತೆಗೇ ದವಾ ಕೊಡುವ ಏರ್ಪಾಡು ನಡೆದಿದೆ. ಆಳಂದದಲ್ಲಿ ಅದು ಆಗಬಾರದು ಅನ್ನುವುದಕ್ಕೆ ಕಾರಣವೇನೂ ಕಾಣಲಿಲ್ಲ.

ಅಫಜಲಪುರ ಪಟ್ಟಣದಲ್ಲಿ ನಿಲ್ಲಲಿಲ್ಲ. ನೇರ ಗಾಣಗಾಪುರ.

ಹದಿನೈದನೇ ಶತಮಾನದಲ್ಲಿ ನೃಸಿಂಹ ಸರಸ್ವತಿ ಸ್ವಾಮಿಗಳು ನೆಲೆಸಿದ್ದ ಕ್ಷೇತ್ರ ಇದು. ಇಲ್ಲಿ ನಿರ್ಗುಣ ಪಾದುಕೆಯ ದರ್ಶನ ಚಿಕ್ಕ ಕಿಂಡಿಯಲ್ಲಿ. ಮಧ್ಯಾಹ್ನ ಭಕ್ತರು ಐದು ಮನೆ ಮಧುಕರಿ ಬೇಡುತ್ತಾರೆ. ಸಂಗಮದ ಔದುಂಬರದ ಕೆಳಗೆ ಗುರುಚರಿತ್ರೆ ಪಾರಾಯಣ ನಡೆಯುತ್ತದೆ. ಆದರೆ ಕರ್ನಾಟಕ ಮಹಾರಾಷ್ಟ್ರದಾದ್ಯಂತ ಗಾಣಗಾಪುರ ಎಂದರೆ ಮೊದಲು ನೆನಪಾಗುವುದು ಮಧ್ಯಾಹ್ನದ ಮಹಾಮಂಗಳಾರತಿ. ನಗಾರಿ ಬಡಿಯುತ್ತಿದ್ದಂತೆ ಕೆಲವರು ಕೂಗುತ್ತಾರೆ, ತಲೆಗೂದಲು ಬೀಸಿ ಹೊರಳುತ್ತಾರೆ, ಕಂಬ ಏರುತ್ತಾರೆ. ಪೀಡೆ ಹಿಡಿದವರು ಎಂದು ಸುತ್ತಲಿದ್ದವರು ಕೈ ಮುಗಿದು ಜಾಗ ಬಿಡುತ್ತಾರೆ. ನೋಡಲು ಬಂದವರೂ ಬಹಳ, ಮೊಬೈಲು ಎತ್ತಿ ಹಿಡಿದವರೂ ಬಹಳ. ಅದು ಮಾತ್ರ ಹೇಸಿಗೆ ಹುಟ್ಟಿಸಿತು.

ನನ್ನ ಕಣ್ಣು ಹೋದದ್ದು ಕಂಬದ ಮೇಲಿದ್ದವರ ಕಡೆಗಲ್ಲ, ಹೊರಗೆ ಕಟ್ಟೆಯ ಮೇಲೆ ನಡುಗುತ್ತ ಕೂತಿದ್ದ ಒಬ್ಬರ ಕಡೆಗೆ. ಬೆವರುತ್ತಿದ್ದರು. ಕೈ ನಿಲ್ಲುತ್ತಿರಲಿಲ್ಲ. ಧೋತರದ ಮೇಲಿಂದ ಏನನ್ನೋ ಮತ್ತೆ ಮತ್ತೆ ಹೆಕ್ಕಿ ಎಸೆಯುತ್ತಿದ್ದರು, ಅಲ್ಲಿ ಏನೂ ಇರಲಿಲ್ಲ. ಜೊತೆಗಿದ್ದ ತಮ್ಮ ಹೇಳಿದರು: “ಊರಾಗ ಹಿಂಗ ಇರ್ಲಿಲ್ರಿ. ಇಲ್ಲಿ ಬಂದ್ ಮೂರ್ ದಿನಕ್ಕ ಸುರು ಆಗ್ಯದ. ಒಳಗಿಂದು ಹೊರಗ ಬೀಳಾಕತ್ಯದ ಅಂತಾರ.” ಊರಲ್ಲಿ ಕುಡಿಯುತ್ತಿದ್ದರೇ? “ದಿನಾ ಕುಡೀತಿದ್ರು. ಇಲ್ಲಿ ಕುಡಿಯಂಗಿಲ್ಲಲ್ರಿ, ಬಸ್ ಹತ್ತೋ ದಿನಾನೇ ಬಿಡ್ಸೀವಿ.”

ನಾನು ವೈದ್ಯನಲ್ಲ, ಆ ವ್ಯಕ್ತಿಗೆ ಏನಾಗಿತ್ತೆಂದು ಹೇಳಲಾರೆ. ಆದರೆ ವರ್ಷಗಟ್ಟಲೆ ದಿನವೂ ಬಹಳ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಏನಾಗುತ್ತದೆ ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಮೊದಲ ದಿನ ನಡುಕ, ಬೆವರು. ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್: ಮೈಮೇಲೆ ಹುಳು ಹರಿದಂತೆ ಕಾಣುವುದು, ಊರು ಹೊತ್ತು ತಿಳಿಯದಿರುವುದು, ಇಲ್ಲದವರ ಜೊತೆ ಮಾತಾಡುವುದು. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ನಿದ್ರಾಜನಕ ಮಾತ್ರೆ, ಥಯಾಮಿನ್ ಇಂಜೆಕ್ಷನ್ ಸಿಕ್ಕರೆ ಬಹುತೇಕ ಮಂದಿ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಯಾತ್ರೆಯ ನೇಮ ಪಾಲಿಸಿದ್ದಕ್ಕೇ ಮೂರನೇ ದಿನ ಭೂತ ಮೈಮೇಲೆ ಬಂದಂತೆ ಕಾಣುತ್ತದೆ. ದೇವರ ಸನ್ನಿಧಿಯಲ್ಲಿ ಪೀಡೆ ಒದ್ದಾಡುವುದು ಸಹಜ ಎಂದು ನಂಬಿದವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಕಲಬುರಗಿಗೆ ಕರೆದುಕೊಂಡು ಹೋಗಿ, ಇವತ್ತೇ ಹೋಗಿ ಎಂದೆ. ಜೀಪು ಹುಡುಕಲು ಅವರು ಹೊರಟದ್ದನ್ನು ನೋಡಿದೆ.

ದಿನಗಳ ಇದೇ ಲೆಕ್ಕ ಕ್ಷೇತ್ರದ ಪರವಾಗಿಯೂ ತಿರುಗುತ್ತದೆ. ಕುಡಿತದಿಂದಲೇ ಹುಟ್ಟಿದ ಖಿನ್ನತೆ, ಕುಡಿತ ಬಿಟ್ಟ ಎರಡರಿಂದ ನಾಲ್ಕು ವಾರದಲ್ಲಿ ಎಷ್ಟೋ ಮಂದಿಗೆ ತಾನಾಗಿ ತಿಳಿಯಾಗುತ್ತದೆ. ಇಲ್ಲಿ ಬಂದವರು ವಾರಗಟ್ಟಲೆ ಉಳಿಯುತ್ತಾರೆ. ಹೊಳೆ ಸ್ನಾನ, ಹೊತ್ತಿಗೆ ಸರಿಯಾದ ಊಟ, ಬೈಯದ ಜನ, ಕೈಗೊಂದು ಪ್ರದಕ್ಷಿಣೆಯ ಕೆಲಸ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಚಿಕ್ಕ ಗುಡಿಯಲ್ಲಿ ಉಳಿದಿದ್ದ 31 ಮಂದಿ ಮನೋರೋಗಿಗಳನ್ನು ಅಳೆದು ನೋಡಿ, ಔಷಧವಿಲ್ಲದೆಯೇ ಅವರ ಲಕ್ಷಣಗಳು ಶೇ 20ರಷ್ಟು ತಗ್ಗಿದ್ದನ್ನು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅಲ್ಲಿ ಸರಪಳಿ ಇರಲಿಲ್ಲ, ಹೊಡೆತ ಇರಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾರನ್ನೂ ಯಾವ ರೂಪದಲ್ಲೂ ಸರಪಳಿಯಲ್ಲಿ ಕಟ್ಟಕೂಡದು ಎಂದಿದೆ. ಮದ್ಯ, ಮಾದಕ ವಸ್ತುಗಳ ದುರ್ಬಳಕೆಯೊಂದಿಗೆ ಬರುವ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯೊಳಗೆ ಸೇರಿಸಿದೆ. ಊರ ಕಟ್ಟೆಯ ಮೇಲೆ ಇಂದಿಗೂ ಕುಡಿತ ಸೊಕ್ಕು, ಮನೋರೋಗ ಶಾಪ.

ಈ ಸೀಮೆಯಲ್ಲಿ ಚಟ ಬಿಡುತ್ತೇನೆಂಬ ಆಣೆಗೆ ಬೆಲೆಯಿದೆ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು, ದುಡ್ಡು ಬೇಡ ನಿಮ್ಮ ದುಶ್ಚಟ ಹಾಕಿ ಎಂದು ಊರೂರು ತಿರುಗಿದರು. ಅವರ ಜನ್ಮದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಜೋಳಿಗೆಗೆ ಚಟ ಹಾಕಿ ಬದುಕಿದವರು ಇದ್ದಾರೆ, ಅದನ್ನು ಅಲ್ಲಗಳೆಯಲಾಗದು. ಆದರೆ ಆಣೆಗೆ ಇನ್ನೊಂದು ಮುಖವೂ ಇದೆ. ಕಿವಿಯಲ್ಲಿ ಕೇಳುವ ದನಿಗಳನ್ನು ಅಡಗಿಸಲು ಕುಡಿಯುತ್ತಿದ್ದವನು ಬಾಟಲಿ ಬಿಟ್ಟ ಮೇಲೆ ದನಿಗಳ ಜೊತೆ ಒಬ್ಬನೇ ಉಳಿಯುತ್ತಾನೆ. ಒಂದು ಸಂಜೆ ಸೋಲುತ್ತಾನೆ. ಬೇರೆಯವನಾದರೆ ಒಂದು ಗುಟುಕಿಗೆ ನಿಲ್ಲಿಸಬಹುದಿತ್ತು. ಇವನು ಆಣೆ ಮುರಿದವನು, ದೇವರಿಗೆ ತಪ್ಪಿದವನು, ಇನ್ನು ಉಳಿದದ್ದೇನು ಎಂದು ಪೂರ್ತಿ ಮುಳುಗುತ್ತಾನೆ. ಈ ‘ಎಲ್ಲಾ ಹೋಯಿತು’ ಎಂಬ ಭಾವ ಜಾರುವಿಕೆಯನ್ನು ಪತನವಾಗಿಸುತ್ತದೆ ಎಂದು ವ್ಯಸನ ಚಿಕಿತ್ಸಕರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹೊಲಕ್ಕೆಂದು ತಂದ ಕ್ರಿಮಿನಾಶಕ ಮನೆಯ ಮೂಲೆಯಲ್ಲೇ ಇರುವ ಊರುಗಳಲ್ಲಿ, ಕುಡಿದ ತಲೆ ಮತ್ತು ತಪ್ಪಿತಸ್ಥ ಮನಸ್ಸು ಒಟ್ಟಿಗೆ ಸೇರಿದ ರಾತ್ರಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಕಲಬುರಗಿಗೆ ಹಿಂದಿರುಗಿ, ಕಟ್ಟಿಸಂಗಾವಿ ಸೇತುವೆ ದಾಟಿ ಜೇವರ್ಗಿಗೆ ಬಂದದ್ದು ಮಂಗಳವಾರ. ದಿನ ನೋಡಿಯೇ ಬಂದಿದ್ದೆ. ಮನೋಚೈತನ್ಯ ಕಾರ್ಯಕ್ರಮದ ಪ್ರಕಾರ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋರೋಗ ತಪಾಸಣೆ. ಮನೋವೈದ್ಯವನ್ನು ದೊಡ್ಡಾಸ್ಪತ್ರೆಯಿಂದ ಹಳ್ಳಿಗಳತ್ತ ತರುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಆ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆದರೂ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮದ್ಯವ್ಯಸನಕ್ಕೆ ಚಿಕಿತ್ಸೆ ಬೇಕಿದ್ದವರಲ್ಲಿ ಸುಮಾರು ಶೇ 86 ಮಂದಿಗೆ ಅದು ಸಿಕ್ಕಿರಲಿಲ್ಲ. (ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ ಎಂಬುದು ಬೇರೆ ಮಾತು.)

ಸರದಿಯಲ್ಲಿ ಹೆಂಗಸರೇ ಹೆಚ್ಚು. ಕೆಲವರು ಗಂಡನನ್ನು ಕರೆತಂದಿದ್ದರು, ಕೆಲವರು ಬರಲೊಪ್ಪದ ಗಂಡನ ಬದಲು ತಾವೇ ಬಂದಿದ್ದರು. ಒಬ್ಬ ಹೆಣ್ಣುಮಗಳ ಗಂಡನಿಗೆ ಹೆಂಡತಿಯ ಮೇಲೆ ಸಂಶಯದ ಕಾಯಿಲೆ, ಕುಡಿತವೂ ಇದೆ. ಆಕೆಯ ಪ್ರಶ್ನೆ ಒಂದೇ ಇತ್ತು: “ಕುಡದ್ ಬಂದ್ ದಿನ ಗುಳಗಿ ಕೊಡಬೇಕೋ ಬ್ಯಾಡೋ, ಮೇಡಮ್?” ಮಾತ್ರೆಯ ಮೇಲೆ ಕುಡಿದರೆ ಆಗದು ಎಂದು ಯಾರೋ ಹೇಳಿದ್ದಕ್ಕೆ ಕುಡಿದ ದಿನಗಳಲ್ಲೆಲ್ಲ ಆಕೆ ಯಾವ ಮಾತ್ರೆಯನ್ನೂ ಕೊಟ್ಟಿರಲಿಲ್ಲ. ಅಂದರೆ ತಿಂಗಳಲ್ಲಿ ಮುಕ್ಕಾಲು ಪಾಲು ದಿನ. ಔಷಧ ತಪ್ಪಿ ಸಂಶಯ ಏರಿತ್ತು, ಸಂಶಯ ಏರಿ ಕುಡಿತ ಹೆಚ್ಚಿತ್ತು.

ವೈದ್ಯೆ ಚೀಟಿಯನ್ನು ಮೇಜಿನ ಮೇಲೆ ಇಬ್ಬರಿಗೂ ಕಾಣುವಂತೆ ಇಟ್ಟರು. ಸಂಶಯಕ್ಕೆ ಕೊಟ್ಟ ಗುಳಿಗೆಗೆ ಸುತ್ತು ಹಾಕಿ, ಇದನ್ನು ಕುಡಿದಿದ್ದಾರೆಂದು ನಿಲ್ಲಿಸಬೇಡವ್ವಾ ಎಂದರು. ನಿದ್ದೆಯದಕ್ಕೆ ಗೀಟು ಎಳೆದು, ಇದನ್ನು ಮಾತ್ರ ಅವತ್ತು ಕೊಡಬೇಡ, ಎರಡೂ ಸೇರಿದರೆ ಉಸಿರು ಕಟ್ಟುತ್ತದೆ ಎಂದರು. ರಾತ್ರಿ ಏನಾದರೂ ಆದರೆ ಫೋನ್ ಮಾಡು ಎಂದು ಚೀಟಿಯ ಹಿಂದೆ ಟೆಲಿ ಮಾನಸ್ ಸಹಾಯವಾಣಿಯ 14416 ಬರೆದರು. ಗಂಡ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಮುಂದಿನ ಮಂಗಳವಾರ ಅವರನ್ನೂ ಒಳಗೆ ಕರೆತಾ, ಬೈಯುವುದಿಲ್ಲ ಎಂದು ಹೇಳು ಎಂದು ವೈದ್ಯೆ ಮುಂದಿನವರ ಹೆಸರು ಕೂಗಿದರು.